ತಣ್ಣೀರಿನವರ ಕಪ್ಪು ಮಗ್

"ಆ ಮಗ್ ವಾಪಸ್ ಕೊಡ್ತೀರಾ?"

ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ, ಲೆನ್ಸ್ ಉಜ್ಜುವ ಯಂತ್ರದ ಪಕ್ಕ ನಿಂತು ಅವಳು ಕೇಳಿದಳು. ಅವಳ ಎದೆ ಯಂತ್ರಕ್ಕಿಂತ ಜೋರಾಗಿ ಸದ್ದು ಮಾಡುತ್ತಿತ್ತು.

ಲೆನ್ಸ್ ಉಜ್ಜುವವನು ತಲೆಯೆತ್ತಿದ. "ಈಗಷ್ಟೇ ಕೊಟ್ಟಿರಲ್ಲ?"

"ತಪ್ಪಾಗಿದೆ."

"ಬೇರೆಯವರದು ನನಗೆ ಬಂದಿದೆಯಾ?"

"ಇಲ್ಲ, ನಿಮ್ಮದೇ. ಆದ್ರೆ... ನಿಮಗೆ ಕೊಡೋದಲ್ಲ."

"ಅರ್ಥ ಆಗಲಿಲ್ಲ."

ಅರ್ಥ ಆಗದೇ ಇರಲಿ ದೇವರೇ...

ಅಂಗಡಿಗೆ ಹತ್ತು ವರ್ಷ ತುಂಬಿತ್ತು. ಕೌಂಟರಿನಲ್ಲಿ ಫ್ರೇಮ್ ತೋರಿಸುವ ಅವಳು ಬಿಡುವಾದಾಗಲೆಲ್ಲ ಚಿತ್ರ ಗೀಚುವುದನ್ನು ಕಂಡಿದ್ದ ಯಜಮಾನರು, "ಎಲ್ಲರಿಗೂ ಒಂದೊಂದು ಮಗ್ ಮಾಡಿಸಮ್ಮ, ಅವರವರ ಚಿತ್ರ ನೀನೇ ಬರಿ" ಎಂದಿದ್ದರು.

ಎರಡು ವಾರ ಅಳಿಸಿ ಅಳಿಸಿ ಬರೆದಳು. ಮೂಗು ದೊಡ್ಡದಾಯಿತಾ? ಯಾರಿಗಾದರೂ ಬೇಜಾರಾದರೆ?

ತಣ್ಣಗಿದ್ದಾಗ ಬರೀ ಕಪ್ಪಾಗಿರುವ ಮಗ್‌ಗಳವು. ಬಿಸಿ ಸುರಿದಷ್ಟು ಎತ್ತರಕ್ಕೆ ಚಿತ್ರ ಮೂಡುತ್ತದೆ. ಆ ದಿನ ಬೆಳಿಗ್ಗೆ ಮಗ್ ಹಂಚಿ ಟೀ ಹಾಕುತ್ತಿದ್ದಂತೆ ಯಜಮಾನರ ಮಗ್‌ನಲ್ಲಿ, ಕನ್ನಡಕ ತಲೆ ಮೇಲಿಟ್ಟುಕೊಂಡು ಮೇಜಿನಡಿ ಹುಡುಕುತ್ತಿರುವ ಯಜಮಾನರೇ ಎದ್ದು ಬಂದರು. ಕಣ್ಣು ಪರೀಕ್ಷಿಸುವ ಅಕ್ಕ ತಮ್ಮ ಮಗ್‌ನಲ್ಲಿ ಬೆತ್ತ ಹಿಡಿದು ನಿಂತಿದ್ದರು.

"ನಾನು ಇಷ್ಟು ಜೋರೇನೇ?"

"ಬೆತ್ತ ಚಿಕ್ಕದಾಗೇ ಬರೆದಿದ್ದೀನಿ ಅಕ್ಕ."

ಎಲ್ಲರೂ ನಗುವಾಗ ಅವಳು ಸುಮ್ಮನೆ ಫೋನ್‌ನಲ್ಲಿ, ಮುದ್ರಣಕ್ಕೆ ಕಳಿಸಿದ್ದ ಚಿತ್ರಗಳನ್ನು ತೆರೆದಳು. ಲೆನ್ಸ್ ಉಜ್ಜುವವನಿಗೆಂದು ಎರಡು ಚಿತ್ರ ಬರೆದಿದ್ದಳು. ಒಂದು ಕೊಡಲಿಕ್ಕೆ, ಇನ್ನೊಂದು ತಾನೊಬ್ಬಳೇ ನೋಡಿಕೊಳ್ಳಲಿಕ್ಕೆ. ಮುದ್ರಿಸುವವರಿಗೆ ಕಳಿಸಿದ್ದು ಎರಡನೆಯದು!

ಪುಣ್ಯಕ್ಕೆ ಅವನು ಬಿಸಿ ಮುಟ್ಟುವವನಲ್ಲ. ಅಂಗಡಿಯಲ್ಲಿ ಅವನ ಹೆಸರೇ ತಣ್ಣೀರು.

ಅವಳು ಕೇಳಿದರೂ ಅವನು ಮಗ್ ಕೊಡಲಿಲ್ಲ. "ಇರಲಿ ಬಿಡಿ" ಎಂದು ಡ್ರಾಯರಿನಲ್ಲಿಟ್ಟ.

ಮೂರು ದಿನ ಅವಳದು ಟೀ ಫ್ಲಾಸ್ಕ್ ಕಾಯುವ ಕೆಲಸ.

"ಒಂದು ತೊಟ್ಟು ಹಾಕಿಸ್ಕೊಳ್ಳೋ ತಣ್ಣೀರು, ನಿನ್ನ ಅವತಾರ ನೋಡೋಣ" ಎಂದು ಅಕ್ಕ ಹೋದಾಗ ಅವಳು ಅಡ್ಡ ಬಂದಳು. "ಬೇಡ ಅಕ್ಕ, ಅವರಿಗೆ ಗ್ಯಾಸ್ಟ್ರಿಕ್."

"ನನಗಾ?" ಎಂದ ಅವನು.

ನಾಲ್ಕನೇ ದಿನ ಎಲ್ಲರೂ ಊಟಕ್ಕೆ ಹೋದಾಗ ಅವನು ಮಗ್ ತಂದು ಕೌಂಟರಿನ ಮೇಲಿಟ್ಟ.

"ತಗೊಳ್ಳಿ. ಎಲ್ಲರನ್ನೂ ನಗೋ ಹಾಗೆ ಬರೆದಿದ್ದೀರಿ. ನಂದು ಮಾತ್ರ ವಾಪಸ್ ಕೇಳಿದಿರಿ. ನಾನು ಅಷ್ಟು ಕೆಟ್ಟದಾಗಿ ಕಾಣ್ತೀನಾ ಅಂತ... ಬಿಸಿನೀರು ಹಾಕಿ ನೋಡೋಕೂ ಧೈರ್ಯ ಬರಲಿಲ್ಲ."

ಅವನ ದನಿ ಸಣ್ಣಗಾಗಿತ್ತು. ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡರೆ ಅವಳ ಗುಟ್ಟು ಉಳಿಯುತ್ತದೆ. ಆದರೆ ಇವನ ಮುಖ ಹೀಗೇ ಉಳಿದುಬಿಡುತ್ತದಲ್ಲ...

ಅವಳೇ ಫ್ಲಾಸ್ಕ್ ಎತ್ತಿದಳು. ಒಂದಿಷ್ಟು ಸುರಿದಳು.

ಎರಡು ಶೂ ಮೂಡಿದವು. ಒಂದರ ಲೇಸು ಬಿಚ್ಚಿತ್ತು.

"ನನ್ನದೇ," ಅವನು ನಕ್ಕ. ಆಮೇಲೆ ಬಗ್ಗಿದ. "ಪಕ್ಕದಲ್ಲಿ ಚಪ್ಪಲಿ ಯಾರದು? ಬಾರಿಗೆ ಪಿನ್ ಹಾಕಿದ್ದು..."

ಅವನ ಕಣ್ಣು ನಿಧಾನವಾಗಿ ನೆಲಕ್ಕಿಳಿಯಿತು. ಅವಳು ಕಾಲು ಸ್ಟೂಲಿನ ಹಿಂದೆ ಎಳೆದುಕೊಂಡಳು. ತಡವಾಗಿತ್ತು.

"ಮೇಲೆ ಏನಿದೆ?"

"ಕೊಡೆ... ಒಂದೇ."

ಅವನು ಫ್ಲಾಸ್ಕ್ ತೆಗೆದುಕೊಂಡು ಅಂಚಿನವರೆಗೂ ತುಂಬಿಸಿದ. ಕೊಡೆಯ ಕೆಳಗೆ ಇಬ್ಬರು. ಅವಳು ಮಳೆ ನೋಡುತ್ತಿದ್ದಳು, ಅವನು ಅವಳನ್ನು.

"ನೀವು ಹಾಗೆ ನೋಡಲ್ಲ ಅಂತ ಗೊತ್ತು," ಅವಳು ತಲೆ ತಗ್ಗಿಸಿದಳು. "ಅದಕ್ಕೇ ತಪ್ಪಾಗಿದೆ ಅಂದಿದ್ದು."

"ತಪ್ಪೇನಿಲ್ಲ. ನೀವು ಆ ಕಡೆ ತಿರುಗಿದಾಗೆಲ್ಲ ನಾನು ಹೀಗೇ ನೋಡೋದು. ಸಿಕ್ಕಿಬಿದ್ದಿದ್ದೀನಿ ಅಂತ ಗೊತ್ತಿರಲಿಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅವನು ಟೀ ಗುಟುಕರಿಸಿ ಮುಖ ಕಿವಿಚಿದ.

"ಬಾಯಿ ಸುಟ್ಟಿತಾ? ಆರಿಸಿ ಕುಡೀರಿ."

"ಆರಿದ್ರೆ ನೀವು ಮಾಯ ಆಗ್ತೀರಲ್ಲ..."

"ನಾನು ಇಲ್ಲೇ ಇರ್ತೀನಿ. ನಿಧಾನಕ್ಕೆ ಕುಡೀರಿ."