ಮುಚ್ಚಳ ತೆರೆದರೆ ಅರ್ಧ ಗಂಟೆ

ಅವರಿಬ್ಬರ ಮೊದಲ ಭೇಟಿ ನಡೆದದ್ದು ಮುಚ್ಚಿದ ಬಾಗಿಲೊಂದರ ಎರಡು ಬದಿಗಳಲ್ಲಿ. ಒಳಗೆ ಅವಳು, ಮೂರನೇ ಮತ್ತು ನಾಲ್ಕನೇ ಮಹಡಿಗಳ ನಡುವೆ, ಹನ್ನೊಂದು ಜನರ ಹಲ್ಲುಗಳನ್ನು ಟ್ರೇಯಲ್ಲಿ ಹಿಡಿದುಕೊಂಡು. ಹೊರಗೆ ಅವನು, ಲಿಫ್ಟ್ ಮೆಕ್ಯಾನಿಕ್, ಬಾಯಲ್ಲಿ ಟಾರ್ಚು ಕಚ್ಚಿಕೊಂಡು.

“ಗಾಬರಿ ಆಗ್ಬೇಡಿ ಮೇಡಂ. ಒಳಗೆ ಎಷ್ಟು ಜನ ಇದ್ದೀರಾ?”

“ನಾನೊಬ್ಬಳೇ. ಹಲ್ಲು ಮಾತ್ರ ಮುನ್ನೂರು ಚಿಲ್ರೆ ಇವೆ.”

ಗಾಬರಿಯಾದದ್ದು ಅವನಿಗೆ. ಅವಳು ಅದೇ ಕಟ್ಟಡದ ಐದನೇ ಮಹಡಿಯ ಲ್ಯಾಬಿನಲ್ಲಿ ಹಲ್ಲಿನ ಸೆಟ್ ಕಟ್ಟುವವಳೆಂದು ತಿಳಿಯುವವರೆಗೆ ಅವನ ಸ್ಪ್ಯಾನರ್ ಒಂದು ಸುತ್ತೂ ತಿರುಗಲಿಲ್ಲ. ಸಿಕ್ಕಿಬಿದ್ದವರನ್ನು ಮಾತಾಡಿಸುತ್ತಿರಬೇಕೆಂಬುದು ಕಂಪನಿಯ ನಿಯಮ. ಹಾಗಾಗಿ ಹೊರಗೆ ಬಂದ ಮೇಲೆ ಮೊದಲು ಏನು ತಿನ್ನುತ್ತೀರಿ ಎಂದು ಕೇಳಿದ.

“ಟಾಕೊ. ಮೆಕ್ಸಿಕೊದವರ ರೊಟ್ಟಿ, ಒಳಗೆ ಹಂದಿ ಮಾಂಸ. ಬೆಳಗಿಂದ ಸಣ್ಣ ಕಾವಲ್ಲಿ ಬೆಂದು ಬೆಂದು, ಫೋರ್ಕ್ ತೋರ್ಸಿದ್ರೆ ಸಾಕು ಬಿಚ್ಕೊಳ್ಳತ್ತಂತೆ. ಟೀವೀಲಿ ನೋಡಿದೀನಿ, ತಿಂದಿಲ್ಲ.”

“ನಾನು ಮಾಡ್ಕೊಡ್ತೀನಿ. ನೀವು ಬಟನ್ ಮಾತ್ರ ಒತ್ಬೇಡಿ.”

ಅದಾಗಿ ಎರಡು ವರ್ಷ. ಅವನು ಅಕ್ಕನ ಜೊತೆ ಇದ್ದ ಮನೆಯ ಮೇಲಿನ ಕೋಣೆ ಖಾಲಿಯಿತ್ತು. ಅವಳು ಬಾಡಿಗೆಗೆ ಬಂದಳು. ಅವನು ಅವಳ ನಲ್ಲಿ ಸರಿಮಾಡಿದ, ಕಿಟಕಿಯ ಕೊಂಡಿ ಸರಿಮಾಡಿದ, ಸೂಟ್‌ಕೇಸಿನ ಚಕ್ರ ಸರಿಮಾಡಿದ. ಹೇಳಬೇಕಾದ ಒಂದೇ ಒಂದು ಮಾತನ್ನು ಮಾತ್ರ ರಿಪೇರಿಗೆ ಬಂದ ವಸ್ತುವಿನಂತೆ ಇವತ್ತು ನಾಳೆ ಎಂದು ಶೆಲ್ಫಿನಲ್ಲಿಟ್ಟಿದ್ದ. ಟಾಕೊದ ಗತಿಯೂ ಅಷ್ಟೇ. ಪ್ರತಿ ವಾರವೂ ಮುಂದಿನ ಭಾನುವಾರ.

ಮೂರು ವಾರದ ಹಿಂದೆ ಅವಳು ಮೆಟ್ಟಿಲ ಮೇಲೆ ನಿಂತು ಕೇಳಿದ್ದಳು. ದೂರದ ಊರಿನ ದೊಡ್ಡ ಆಸ್ಪತ್ರೆಯಿಂದ ಕೆಲಸಕ್ಕೆ ಕರೆ ಬಂದಿತ್ತು, ಅವಳೇ ಲ್ಯಾಬಿನ ಮುಖ್ಯಸ್ಥೆ. “ಹೋಗ್ಲಾ?”

ಅವಳು ಯಾರನ್ನು ನೋಡಿದರೂ ಮೊದಲು ಬಾಯಿ ನೋಡುತ್ತಾಳೆ, ಆಮೇಲೆ ಕಣ್ಣು, ವೃತ್ತಿಯ ಚಾಳಿ. ಅವತ್ತು ಮೊದಲೇ ಕಣ್ಣು ನೋಡಿದಳು. ಅವನಿಗೆ ಅದು ಗೊತ್ತಾಯಿತು. ಗೊತ್ತಾದದ್ದರಿಂದಲೇ ಗಾಬರಿಬಿದ್ದು, “ಒಳ್ಳೆ ಅವಕಾಶ, ಹೋಗಿ” ಎಂದುಬಿಟ್ಟ. ಲಿಫ್ಟಿನೊಳಗೆ ಇಣುಕದೆಯೇ ಸುರಕ್ಷತಾ ಪತ್ರಕ್ಕೆ ಸಹಿ ಹಾಕುವವರನ್ನು ಅವನು ಕಂಡಿದ್ದ, ಬೈದೂ ಇದ್ದ. ಅವಳು “ಸರಿ” ಎಂದು ಮೇಲೆ ಹೋದಳು. ಬುದ್ಧಿಗೇಡಿ ಎಂದು ಅವನು ತನಗೆ ತಾನೇ ಹೇಳಿಕೊಂಡದ್ದು ಅಂದಿನಿಂದ ಎಷ್ಟನೇ ಸಲವೋ.

ಇವತ್ತು ಆ ಭಾನುವಾರ. ನಾಲ್ಕು ಗಂಟೆಗೆ ಅವಳನ್ನು ಒಯ್ಯುವ ಕಾರು. ಮೇಲಿನ ಕೋಣೆಯಿಂದ ಪೆಟ್ಟಿಗೆಗಳಿಗೆ ಟೇಪು ಎಳೆಯುವ ಸದ್ದು ಕೇಳುತ್ತಿತ್ತು. ಪ್ರತಿ ಸಲವೂ ಅವನ ಚರ್ಮವನ್ನೇ ಯಾರೋ ಎಳೆದಂತೆ.

ಬೆಳಿಗ್ಗೆ ಏಳೂವರೆಗೇ ಅವನು ಅಡುಗೆಮನೆಯಲ್ಲಿದ್ದ. ಕರೆಂಟಿನಲ್ಲಿ ಗಂಟೆಗಟ್ಟಲೆ ನಿಧಾನ ಬೇಯಿಸುವ ಸ್ಲೋ ಕುಕ್ಕರ್ ಅಕ್ಕನದು, ಮದುವೆಯಲ್ಲಿ ಉಡುಗೊರೆ ಬಂದದ್ದು. ಮದುವೆ ಮೂರು ವರ್ಷಕ್ಕೆ ಹಳತಾಗಿ ಮುಗಿಯಿತು. ಕುಕ್ಕರ್ ಮಾತ್ರ ಬೀರುವಿನ ಮೇಲೆ ಹೊಸದಾಗಿಯೇ ಉಳಿಯಿತು. ಹಂದಿಯ ಭುಜದ ಮಾಂಸ ಎರಡು ಕಿಲೋ. ಅದಕ್ಕೆ ಉಪ್ಪು, ಜೀರಿಗೆ ಪುಡಿ ತಿಕ್ಕಿದ. ಈರುಳ್ಳಿ, ಬೆಳ್ಳುಳ್ಳಿ, ಚಕ್ಕೆ, ನೆನೆಸಿ ಅರೆದ ಒಣಮೆಣಸಿನಕಾಯಿ. ಎರಡು ಕಿತ್ತಳೆಯ ರಸ, ಒಂದು ನಿಂಬೆ. ಓರೆಗ್ಯಾನೊ ಎಲ್ಲಿ ಸಿಗುತ್ತದೆಂದು ತಲೆ ಕೆಡಿಸಿಕೊಂಡಿದ್ದಾಗ, ಪಿಜ್ಜಾ ಜೊತೆ ಬಂದ ಪುಟ್ಟ ಪೊಟ್ಟಣಗಳನ್ನು ಅಕ್ಕ ವರ್ಷಗಟ್ಟಲೆ ಕೂಡಿಟ್ಟ ಡ್ರಾಯರ್ ಎಳೆದು ತೋರಿಸಿದಳು. “ಲೋ, ಬಿಸಾಕು ಬಿಸಾಕು ಅಂತಿದ್ಯಲ್ಲ. ಈಗ ಬಾಯಿ ಮುಚ್ಚು.”

“ಮುಚ್ಚೇ ಇದೆ, ಅಕ್ಕ.”

“ಅದೇ ನಿನ್ ರೋಗ” ಎಂದು ಅಕ್ಕ ಮುಂದಿನ ಕೋಣೆಗೆ, ತನ್ನ ಹೊಲಿಗೆ ಮಿಷನ್ನಿಗೆ ಹೋದಳು. ಅವಳು ದರ್ಜಿ, ಅಳತೆ ತಪ್ಪದೆ ಮಾತು ಕತ್ತರಿಸುತ್ತಾಳೆ.

ಒಂಬತ್ತಕ್ಕೆ ಅವಳು ಮೇಲಿನ ಕೋಣೆಯಿಂದ ಕೆಳಗಿಳಿದು ಬಂದಳು. ಗಾಜಿನ ಮುಚ್ಚಳದ ಕೆಳಗೆ ಮಾಂಸ ಇನ್ನೂ ಗುಲಾಬಿ ಬಣ್ಣದಲ್ಲಿ, ಯಾವ ಅವಸರವೂ ಇಲ್ಲದೆ ಕೂತಿತ್ತು. ಅವಳು ಬಗ್ಗಿ ನೋಡಿದಳು. ಕೂದಲೆಳೆಯೊಂದು ಕೆನ್ನೆಗೆ ಜಾರಿತು. ಅದನ್ನು ಅವನ ಕೈ ಹಿಂದಕ್ಕೆ ಸರಿಸಿತು, ಮನಸ್ಸಿನಲ್ಲಿ.

“ಎಷ್ಟು ಹೊತ್ತು, ಮೆಕ್ಯಾನಿಕ್ರೇ?”

“ಎಂಟು ಗಂಟೆ. ಮೂರೂವರೆಗೆ ಆಗತ್ತೆ.”

“ಆಗ್ಲೇಬೇಕು. ಎರಡು ವರ್ಷ ಕಾಯ್ಸಿದೀರಿ. ಇದನ್ನ ತಿನ್ನದೆ ನಾನು ಕಾರು ಹತ್ತಲ್ಲ, ಹೇಳಿದೀನಿ.”

ಅವಳು ತಮಾಷೆಗೇ ಹೇಳಿದಳು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಹಗ್ಗವೆಂದೇ ಕಾಣುತ್ತದೆ. ಅವಳು ಮೇಲೆ ಹೋದ ಕೂಡಲೇ ಅವನು ಕುಕ್ಕರಿನ ಜೊತೆ ಬಂದಿದ್ದ ಪುಸ್ತಿಕೆ ತೆಗೆದು ಓದಿದ. ಏಳನೇ ಸೂಚನೆ: ಮಧ್ಯೆ ಮುಚ್ಚಳ ತೆರೆಯಬೇಡಿ, ಪ್ರತಿ ಸಲ ತೆರೆದಾಗಲೂ ಬೇಯುವ ಸಮಯ ಅರ್ಧ ಗಂಟೆ ಹೆಚ್ಚುತ್ತದೆ.

ಅರ್ಧ ಗಂಟೆ! ಎರಡು ಸಲ ತೆರೆದರೆ ನಾಲ್ಕೂವರೆ. ಆರು ಸಲ ತೆರೆದರೆ ಆರೂವರೆ. ಹತ್ತು ಸಲ ತೆರೆದರೆ ಕಾರಿನವನು ಬೈದು ಹೊರಟುಹೋಗುತ್ತಾನೆ. ಕೈಲಾಗದ ಪ್ರೇಮಿಗಳು ನಕ್ಷತ್ರಗಳನ್ನು ಎಣಿಸುತ್ತಾರಂತೆ. ಇವನು ಮುಚ್ಚಳ ಎಣಿಸಿದ.

ಒಂಬತ್ತೂಕಾಲಿಗೆ ಮೊದಲನೇ ಸಲ ತೆರೆದ. ಆವಿ ಮುಖಕ್ಕೆ ಬಡಿಯಿತು. ಕಿತ್ತಳೆ, ಜೀರಿಗೆ, ಬೆಳ್ಳುಳ್ಳಿಯ ಪರಿಮಳದಲ್ಲಿ ಅವನ ಅರ್ಧ ಗಂಟೆ ಕಿಟಕಿಯಿಂದ ಹೊರಗೆ ಹೋಯಿತು. ಹತ್ತಕ್ಕೆ ಎರಡನೇ ಸಲ. ಮೂರನೇ ಸಲ ಹನ್ನೊಂದಕ್ಕೆ. ಆಗ ಮೆಟ್ಟಿಲಲ್ಲಿ ಅವಳ ಹೆಜ್ಜೆ ಕೇಳಿಸಿತು. ಕದ್ದು ಬೆಲ್ಲ ತಿಂದವನಂತೆ ಮುಚ್ಚಳ ಹಾಕಿ, ಹಿತ್ತಲ ಬಾಗಿಲಿಂದ ಹೊರಬಿದ್ದು, ಬೇಕಿಲ್ಲದ ಒಂದು ಬಕೆಟ್ಟನ್ನು ಗಂಭೀರವಾಗಿ ತೊಳೆದ.

ಹನ್ನೆರಡರ ಹೊತ್ತಿಗೆ ಒಳಗೆ ಬಂದಾಗ ಅವಳು ಟಾಕೊಗೆ ಬೇಕಾದ ರೊಟ್ಟಿ, ಟಾರ್ಟಿಯ, ಮಾಡುತ್ತಿದ್ದಳು. ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಭಾರದ ಬಾಣಲೆಯ ತಳದಿಂದ ಒತ್ತಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು.

“ಎರಡು ಮಿಲಿಮೀಟರ್. ಹಲ್ಲಿನ ಸೆಟ್ಟಿಗೆ ಹಾಕೋ ಮೇಣದ ಹಾಳೆಯೂ ಇಷ್ಟೇ ಇರ್ಬೇಕು. ದಪ್ಪ ಆದ್ರೆ ಅಜ್ಜಂದಿರು ನಾಲಿಗೆ ಇಡೋಕೆ ಜಾಗ ಇಲ್ಲ ಅಂತಾರೆ.”

“ಇಲ್ಲಿ ಅಜ್ಜಂದಿರು ಯಾರೂ ಇಲ್ವಲ್ಲ.”

“ನೀವು ಮಾತಾಡೋ ಸ್ಪೀಡ್ ನೋಡಿದ್ರೆ, ಬಾಯಿ ಬಿಡೋಷ್ಟರಲ್ಲಿ ಅಜ್ಜ ಆಗಿರ್ತೀರಿ.”

ಅವಳು ನಗಲಿಲ್ಲ. ಹೆಬ್ಬೆರಳಿಗೆ ಅಂಟಿದ ಹಿಟ್ಟನ್ನು ತೋರುಬೆರಳಿನಿಂದ ಉಜ್ಜುತ್ತಾ ಅವನನ್ನೇ ನೋಡಿದಳು, ನೋಟ ತೆಗೆಯಲಿಲ್ಲ. ಈಗ ಹೇಳು, ಈಗ, ಎಂದು ಅವನ ಎದೆ ಬಡಿಯಿತು. ಬಾಯಿ ತೆರೆದ. “ಉಂಡೆ ಸ್ವಲ್ಪ ಒಣಗಿದೆ, ನೀರು ಚಿಮುಕಿಸ್ಲಾ?” ಎಂಬ ಮಾತು ಹೊರಬಿತ್ತು.

“ಚಿಮುಕ್ಸಿ” ಎಂದಳು. ಅವಳ ದನಿಯಲ್ಲಿ ಏನೋ ಮುರಿಯಿತು. ನೀರು ಚಿಮುಕಿಸುತ್ತಾ ಅವನು ಸಾಯಬೇಕೆಂದುಕೊಂಡ.

ಎರಡೂವರೆಗೆ ಅಕ್ಕ ಬಂದು, ಯಾರನ್ನೂ ಕೇಳದೆ ಮುಚ್ಚಳ ಎತ್ತಿ ಫೋರ್ಕ್ ಚುಚ್ಚಿದಳು. ಫೋರ್ಕ್ ಒಳಗೆ ಹೋಗಲಿಲ್ಲ.

“ಇದೇನೋ, ಟೈರು! ಇದು ಮೂರೂವರೆಗೆ ಬೇಯತ್ತಾ? ಕೊಡಿಲ್ಲಿ, ಪ್ರೆಶರ್ ಕುಕ್ಕರಿಗೆ ಹಾಕ್ತೀನಿ. ಅರ್ಧ ಗಂಟೇಲಿ ಮೆತ್ತಗೆ.”

“ಬೇಡ!”

ಇಬ್ಬರೂ ಒಟ್ಟಿಗೆ ಕೂಗಿದ್ದರು. ಅಕ್ಕ ಇವನನ್ನು ನೋಡಿದಳು, ಅವಳನ್ನು ನೋಡಿದಳು. ಆಮೇಲೆ ಗೋಡೆ ನೋಡಿದಳು.

“ಲೋ, ಸ್ವಿಚ್ಚೇ ಆಫ್ ಆಗಿದೆಯಲ್ಲೋ!”

ಅವನಿಗೆ ತಕ್ಷಣ ಹೊಳೆಯಿತು. ಹದಿನೈದು ವರ್ಷದಿಂದ ಅವನು ಯಾವ ಯಂತ್ರದ ಮುಚ್ಚಳ ತೆಗೆಯುವ ಮೊದಲೂ ಮೇನ್ ಆಫ್ ಮಾಡುತ್ತಾನೆ. ಅದನ್ನು ಮರೆತ ಜೊತೆಗಾರನೊಬ್ಬ ಎರಡು ಬೆರಳು ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದ. ಮುಚ್ಚಳಕ್ಕೆ ಬಲಗೈ ಹೋಗುವಾಗಲೆಲ್ಲ ಎಡಗೈ ತಾನೇ ಸ್ವಿಚ್ಚಿಗೆ ಹೋಗುತ್ತಿತ್ತು. ಎರಡು ಸಲ ತಿರುಗಿ ಹಾಕಿದ್ದ. ಮೂರನೇ ಸಲ ಅವಳ ಹೆಜ್ಜೆ ಕೇಳಿ ಓಡಿದ್ದ.

“ನಾನೇ. ಹನ್ನೊಂದಕ್ಕೆ ಮುಚ್ಚಳ ತೆಗೆದೆ.”

“ಯಾಕೆ ತೆಗೆದೆ?”

“ತಡ ಆಗ್ಲಿ ಅಂತ.”

ಅಕ್ಕ ಫೋರ್ಕ್ ಕೆಳಗಿಟ್ಟು ಮುಂದಿನ ಕೋಣೆಗೆ ಹೋದಳು. ಹೊಲಿಗೆ ಮಿಷನ್ನು ಜೋರಾಗಿ ಓಡತೊಡಗಿತು. ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ.

ಅವಳು ಟಾರ್ಟಿಯಗಳ ಮೇಲೆ ಒದ್ದೆ ಬಟ್ಟೆ ಹೊದಿಸಿದಳು. ಅಂಚು ಸರಿಪಡಿಸಿದಳು. ಮತ್ತೊಮ್ಮೆ ಸರಿಪಡಿಸಿದಳು.

“ನಾನು ಹನ್ನೊಂದೂ ಐದಕ್ಕೇ ನೋಡಿದೆ” ಎಂದಳು.

“ಏನನ್ನ?”

“ಸ್ವಿಚ್ಚನ್ನ. ಒಂಬತ್ತು ವರ್ಷದಿಂದ ಹಲ್ಲಿನ ಸೆಟ್ಟುಗಳನ್ನ ಬಿಸಿನೀರಿನ ತೊಟ್ಟೀಲಿ ಎಂಟೆಂಟು ಗಂಟೆ ಬೇಯ್ಸಿದೀನಿ, ಮೆಕ್ಯಾನಿಕ್ರೇ. ಮಧ್ಯೆ ಕಾವು ಇಳಿದ್ರೆ ಇಡೀ ದಿನದ ಕೆಲ್ಸ ಹಾಳು. ಕುಕ್ಕರಿನ ಕೆಂಪು ದೀಪ ಆರಿದ್ದು ನನ್ ಕಣ್ಣಿಗೆ ಬೀಳ್ದೆ ಇರತ್ತಾ?”

“ಮತ್ತೆ ಹಾಕ್ಬೋದಿತ್ತಲ್ಲ.”

“ಕೈ ಎತ್ತಿದೆ.” ಅವಳು ಆ ಕೈಯನ್ನೇ ನೋಡಿಕೊಂಡಳು. “ಹಾಕ್ಲಿಲ್ಲ. ಮೂರೂವರೆ ಗಂಟೆ ಆ ಸ್ವಿಚ್ಚಿನ ಪಕ್ಕದಲ್ಲೇ ನಿಂತು ರೊಟ್ಟಿ ಒತ್ತಿದೆ. ಇಷ್ಟೊಂದು ರೊಟ್ಟಿ ಯಾರು ತಿಂತಾರೆ, ಯೋಚ್ನೆ ಮಾಡಿದ್ರಾ? ಅರವತ್ತಿವೆ.”

ಅವನು ಎಣಿಸಿರಲಿಲ್ಲ. ಒದ್ದೆ ಬಟ್ಟೆಯ ಕೆಳಗೆ ರಾಶಿಯೇ ಇತ್ತು; ಮೂರು ಜನರ ಮನೆಯಲ್ಲಿ, ಎರಡು ಮಿಲಿಮೀಟರಿನ ಅರವತ್ತು ಟಾರ್ಟಿಯಗಳು.

“ಅವತ್ತು ನೀವು ಹೋಗಿ ಅಂದ್ರಿ” ಎಂದಳು. “ನಾನು ಕೇಳಿದ್ದು ಕೆಲ್ಸದ ವಿಷ್ಯ ಅಲ್ಲ ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಅಂದ್ರಿ. ಮೂರು ವಾರದಿಂದ ಪೆಟ್ಟಿಗೆ ಕಟ್ತೀನಿ, ಬಿಚ್ತೀನಿ, ಕಟ್ತೀನಿ. ಒಂದು ಸಲನಾದ್ರೂ ಮೇಲೆ ಬಂದು, ಟೇಪ್ ಕೊಡಿ ನಾನು ಹಚ್ತೀನಿ ಅಂದಿದ್ರೂ ಸಾಕಿತ್ತು. ಬೈಯೋಕೆ ಒಂದು ಕಾರಣ ಆದ್ರೂ ಸಿಗ್ತಿತ್ತು.”

ಅವಳ ಕಣ್ಣು ತುಂಬಿತು. ಅವನಿಗೆ ಆ ಗಳಿಗೆಯಲ್ಲಿ ಕಂಡದ್ದು ಕೇಬಲ್ ಹರಿದ ಲಿಫ್ಟು. ಇನ್ನು ತಡೆ ಹಿಡಿಯದಿದ್ದರೆ ಸೀದಾ ಪಾತಾಳ.

“ಹೋಗ್ಬೇಡಿ ಅನ್ನೋ ಹಕ್ಕು ನನಗಿಲ್ಲ” ಎಂದ. “ಹೋಗ್ಬೇಡಿ.”

ಅವಳು ಒದ್ದೆ ಬಟ್ಟೆಯ ಅಂಚು ಬಿಟ್ಟು ಅವನತ್ತ ತಿರುಗಿದಳು.

“ನೀವು ಮೇಲೆ ಕುರ್ಚಿ ಎಳೆದ್ರೆ ಕೆಳಗೆ ನನಗೆ ಗೊತ್ತಾಗತ್ತೆ, ಯಾವ ಕುರ್ಚಿ ಅಂತ. ನಾಳೆ ಆ ಸದ್ದು ಇರಲ್ಲ. ನಾನು ದಿನಾ ಐವತ್ತು ಮಹಡಿ ಹತ್ತಿ ಇಳೀತೀನಿ, ಎಲ್ಲೂ ಭಯ ಆಗಿಲ್ಲ. ನಾಳೆ ಬೆಳಿಗ್ಗೆ ಅಂದ್ರೆ ಭಯ ಆಗತ್ತೆ. ನೀವಂದ್ರೆ ನನಗೆ ಪ್ರಾಣ. ಎರಡು ವರ್ಷದಿಂದ. ಬಾಗಿಲು ತೆರೆಯೋಕೆ ಮುಂಚಿಂದ್ಲೂ.”

ಮುಂದಿನ ಕೋಣೆಯ ಮಿಷನ್ನು ನಿಂತಿತು. ಕೂಡಲೇ ನಾಚಿಕೊಂಡಂತೆ ಮತ್ತೆ ಓಡಿತು.

ಅವಳು ಒದ್ದೆ ಕೈಯಲ್ಲೇ ಅವನ ಶರ್ಟಿನ ತೋಳು ಹಿಡಿದಳು. ಹಿಟ್ಟಿನ ಐದು ಬೆರಳು ಅಲ್ಲಿ ಮೂಡಿದವು.

“ಮಾತು ಕೊಟ್ಟಾಗಿದೆ. ನಾಳೆ ಬೆಳಿಗ್ಗೆ ಹದಿನೆಂಟು ಜನ ಬೊಚ್ಚು ಬಾಯಿ ಬಿಟ್ಕೊಂಡು ಅಲ್ಲಿ ಕೂತಿರ್ತಾರೆ. ಹೋಗ್ಲೇಬೇಕು ನಾನು.”

ಅವನು ತಲೆಯಾಡಿಸಿದ. ತಡವಾಗಿ ಬಂದ ಮಾತಿಗೆ ಇದಕ್ಕಿಂತ ಹೆಚ್ಚಿನ ಕೂಲಿ ಯಾರು ಕೊಡುತ್ತಾರೆ?

“ನಾನು ಹೋಗ್ಬೇಕು ಅಂದೆ” ಎಂದಳು, ತೋಳು ಬಿಡದೆ. “ನೀವು ಇಲ್ಲೇ ಇರ್ಬೇಕು ಅಂದ್ನಾ?”

ಅವನಿಗೆ ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತೆಂದರೆ, ಅಷ್ಟರಲ್ಲಿ ಅಕ್ಕ ಪ್ರೆಶರ್ ಕುಕ್ಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಈಗಲಾದ್ರೂ ಬೇಯ್ಸಲಾ?”

“ಬೇಯ್ಸಿ ಅಕ್ಕ” ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತಾ.

ಮೂರೂವರೆ ದಾಟಿದ ಮೇಲೆ ಮಾಂಸ ಫೋರ್ಕಿಗೆ ಎಳೆಎಳೆಯಾಗಿ ಬಿಚ್ಚಿಕೊಂಡಿತು. ಅವನು ಅದನ್ನು ಕಬ್ಬಿಣದ ಕಾವಲಿಯ ಮೇಲೆ ಹರವಿ ಅಂಚು ಗರಿಗರಿಯಾಗುವವರೆಗೆ ಹುರಿದ. ಅವಳು ಟಾರ್ಟಿಯ ಸುಟ್ಟಳು. ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ನಿಂಬೆ. ಮೂವರೂ ನಿಂತೇ ತಿಂದರು. ಮೊದಲ ತುತ್ತಿಗೆ ಅವಳು ಕಣ್ಣು ಮುಚ್ಚಿದಳು. ರಸ ಮಣಿಕಟ್ಟಿನವರೆಗೆ ಇಳಿಯಿತು. ಅವನು ಬಾಯಿಗಿಟ್ಟದ್ದನ್ನು ಅಗಿಯುವುದನ್ನು ಮರೆತ.

“ಟೀವೀಲಿ ತೋರ್ಸಿದ ಹಾಗೆ ಇದೆಯಾ?”

“ಟೀವೀಲಿ ಖಾರ ಗೊತ್ತಾಗಲ್ವಲ್ಲ” ಎಂದಳು. ಕಣ್ಣಲ್ಲಿ ನೀರು. ಖಾರದ ನೆಪ ಅನುಕೂಲಕ್ಕೆ ಬಂತು, ಇಬ್ಬರಿಗೂ.

ಹೊರಗೆ ಹಾರ್ನ್ ಆಯಿತು.

ಅವನು ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿ ಡಿಕ್ಕಿಗೆ ತುಂಬಿದ. ಅವಳು ಹಿಂದಿನ ಸೀಟಿನಲ್ಲಿ ಕೂತಳು. ಅವನು ಬಾಗಿಲು ಹಾಕಲು ಬಗ್ಗಿ, ಹಾಕದೆ, ಹಿಡಿಯನ್ನೇ ಬಿಗಿಯಾಗಿ ಹಿಡಿದು ನಿಂತ.

“ಆ ಊರಲ್ಲಿ ಲಿಫ್ಟ್ ಇದೆಯಾ?”

“ಹನ್ನೆರಡು ಮಹಡಿ ಆಸ್ಪತ್ರೆ. ನಾಲ್ಕು ಲಿಫ್ಟು. ವಾರಕ್ಕೊಂದು ಕೆಡತ್ತಂತೆ.”

“ಕೆಲ್ಸ ಬಿಡೋಕೆ ಕಂಪನಿಗೆ ಒಂದು ತಿಂಗಳು ಮುಂಚೆ ಹೇಳ್ಬೇಕು.”

“ಹೇಳಿ.”

“ನಾಳೆ ಹೇಳ್ತೀನಿ” ಎಂದ. ಹೇಳಿದ ಮೇಲೆ ಆ ಮಾತು ಅವನ ಕಿವಿಗೇ ಬಿತ್ತು. ನಾಳೆ! ಜೇಬಿನಿಂದ ಫೋನ್ ತೆಗೆದು, ಭಾನುವಾರದ ಮಧ್ಯಾಹ್ನ ಮಲಗಿದ್ದ ಮೇಲಧಿಕಾರಿಯನ್ನು ಎಬ್ಬಿಸಿ, ಅಲ್ಲೇ ಬೀದಿಯಲ್ಲಿ ನಿಂತು, ಇನ್ನೊಂದು ತಿಂಗಳಿಗೆ ಕೆಲಸ ಬಿಡುತ್ತೇನೆಂದ. ಆ ಕಡೆಯಿಂದ ಬೈಗುಳ ಕೇಳಿಸುತ್ತಿರುವಾಗಲೇ ಕಾರೊಳಗೆ ಕೂತ.

ಡ್ರೈವರ್ ಕನ್ನಡಿಯಲ್ಲಿ ನೋಡಿದ. “ಒಬ್ರೇ ಅಂದಿದ್ರು.”

“ಅಂದಿದ್ವಿ” ಎಂದಳು ಅವಳು, ಫೋನನ್ನು ಅವನ ಕೈಯಿಂದ ತೆಗೆದು ಸಾಹೇಬರನ್ನು ಕಟ್ ಮಾಡುತ್ತಾ. “ಇವ್ರನ್ನ ನಾಳೆ ವಾಪಸ್ ಕಳಿಸ್ತೀನಿ. ಇವತ್ತಿಗೆ ಇಬ್ರು.”

“ಲೋ, ಬರಿಗಾಲಲ್ಲಿ ಎಲ್ಲಿಗೋ!” ಅಕ್ಕ ಬಾಗಿಲಿಂದ ಕೂಗಿದಳು. ಕಿಟಕಿಯಿಂದ ಒಂದು ಚಪ್ಪಲಿ ಒಳಗೆ ಬಂದು ಬಿತ್ತು, ಅದರ ಹಿಂದೆಯೇ ಇನ್ನೊಂದು. ಕಾರು ಹೊರಟಿತು.