ಹಿರೇಬಾವಿಯ ಹಂಡೆ

ಮೇ ತಿಂಗಳ ಎರಡನೆಯ ಭಾನುವಾರ. ಬೆಳಿಗ್ಗೆ ಎಂಟರ ಸುಮಾರಿಗೆ ಹಿರೇಬಾವಿ ಊರಿನ ಮುಖಂಡ ಪಂಪಣ್ಣ ಶಹಾಪುರದ ಠಾಣೆಗೆ ಬಂದಾಗ ದೂರಿನ ಜೊತೆ ಕಳ್ಳನ ಹೆಸರನ್ನೂ ತಂದಿದ್ದ. ಊರಿನ ಲಗ್ನಗಳಿಗೆ ಅಡುಗೆ ಮಾಡುವ ದೊಡ್ಡ ತಾಮ್ರದ ಹಂಡೆ ಸಮುದಾಯ ಭವನದಿಂದ ಕಾಣೆಯಾಗಿತ್ತು.

"ಬಾಷುಮಿಯಾಂದೇ ಕೆಲಸ್ರಿ. ಹೋದ ವಾರ ಕಲಾಯಿ ಹಾಕಾಕ ಒಯ್ದಿದ್ದ. ವಾಪಸ್ ಇಟ್ಟೀನಿ ಅಂತಾನ. ಇಟ್ಟಿದ್ದು ಯಾರು ನೋಡ್ಯಾರ?"

"ಈಗ ಎಲ್ಲಿದ್ದಾನ?" ಪಿಎಸ್‌ಐ ಪರಿಮಳಾ ಕೇಳಿದರು.

"ಗುಡಿ ಮುಂದ ಕುಂದ್ರಿಸೀವ್ರಿ. ಮನಿಗೆ ಬೀಗ ಜಡದೀವಿ. ಸಂಜಿ ಒಳಗ ಹಂಡೆ ಬರಲಿಲ್ಲಂದ್ರ ಗಂಡ ಹೆಂಡ್ತಿ ಊರು ಬಿಡಬೇಕು."

"ಕೋರ್ಟು ಯಾವಾಗ ತಗದ್ರಿ ಪಂಪಣ್ಣಾರ?" ಅಂದ ಹೆಡ್ ಕಾನ್‌ಸ್ಟೆಬಲ್ ಶರಣಕುಮಾರ.

ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಪರಿಮಳಾ 'ಅಪರಿಚಿತ' ಎಂದು ಬರೆಸಿದರು. ಪಂಪಣ್ಣನ ಮುಖ ಸಣ್ಣದಾಯಿತು.

ಹಿರೇಬಾವಿಯ ಗುಡಿಯ ಮುಂದೆ ಬೇವಿನ ನೆರಳಿನಲ್ಲಿ ಬಾಷುಮಿಯಾ ಕುಳಿತಿದ್ದ. ಅಂಗಿ ಹರಿದಿತ್ತು. ಹೆಂಡತಿ ಮಕ್ತುಂಬಿ ತನ್ನ ಸೆರಗಿನಿಂದ ಅವನ ಹಣೆಯ ಗಾಯ ಒತ್ತಿ ಹಿಡಿದಿದ್ದಳು. ಸುತ್ತ ನಿಂತ ಮಂದಿ ದಾರಿ ಬಿಡಲಿಲ್ಲ.

"ಇಬ್ಬರೂ ಜೀಪಿನ್ಯಾಗ ಕೂಡ್ರಿ," ಎಂದರು ಪರಿಮಳಾ. ಗಂಡ ಹೆಂಡತಿ ಹತ್ತುತ್ತಿದ್ದಂತೆ ಯಾರೋ ಎಸೆದ ಕಲ್ಲು ಜೀಪಿನ ಬಾಗಿಲಿಗೆ ಬಡಿಯಿತು. ಇಬ್ಬರು ಕಾನ್‌ಸ್ಟೆಬಲ್‌ಗಳು ಜೀಪಿನ ಎರಡೂ ಬದಿಗೆ ನಿಂತರು.

ಭವನದ ಪಂಚನಾಮೆ ಬೇಗ ಮುಗಿಯಿತು. ಬೀಗ ಮುರಿದಿರಲಿಲ್ಲ, ಬಾಗಿಲನ್ನು ಕೀಲಿಯಿಂದಲೇ ತೆರೆಯಲಾಗಿತ್ತು. ಹಂಡೆ ಇರುತ್ತಿದ್ದ ಮೂಲೆಯಲ್ಲಿ ಹೊಸ ಬಟ್ಟೆಯಲ್ಲಿ ಕಟ್ಟಿದ ಜೋಳದ ಗಂಟಿತ್ತು.

"ಇದೇನು?" ಪರಿಮಳಾ ಕೇಳಿದರು.

"ಲಗ್ನದ ಮನಿಯವ್ರು ಹಂಡೆ ಒಯ್ಯುವಾಗ ಒಂದು ಸೇರು ಜೋಳ ಇಟ್ಟು ಒಯ್ತಾರ್ರಿ. ಹಿರ್‍ಯಾರ ಪದ್ಧತಿ. ಹಳೇದಿರಬೇಕು," ಅಂದ ಪಂಪಣ್ಣ.

ಬಟ್ಟೆಯ ಮೇಲೆ ಧೂಳಿರಲಿಲ್ಲ.

"ಕದಿಯೋರು ಜೋಳ ಇಡ್ತಾರೇನ್ರಿ? ಇವತ್ತು ಯಾರ ಮನ್ಯಾಗ ಲಗ್ನ ಅದ?"

"ಊರಾಗ ಯಾವ ಲಗ್ನಾನೂ ಇಲ್ರಿ."

"ಬರುವಾಗ ಹಂದರ ಕಂಡಿತಲ್ರಿ?" ಶರಣಕುಮಾರ ಕೇಳಿದ. "ಮಾವಿನ ತೋರಣ ಕಟ್ಟ್ಯಾರ."

"ಅದು ಕೇರಿ ಆತಲ್ಲಪಾ. ನಾ ಊರಿಂದು ಹೇಳಾಕತ್ತೀನಿ. ಆ ಮಂದಿಗೆ ನಾವು ಹಂಡೆ ಕೊಡಂಗಿಲ್ಲ."

ಪಂಪಣ್ಣ ಇಡೀ ಊರು ಜಾಲಾಡಿದ್ದ. ಹುಡುಕದೆ ಬಿಟ್ಟ ಜಾಗ ಅದೊಂದೇ.

ಕೇರಿಯ ಹಂದರದ ಹಿಂದೆ ಮೂರು ಕಲ್ಲುಗಳ ಮೇಲೆ ಹಂಡೆ ಕೂತಿತ್ತು. ಅನ್ನ ಕುದಿಯುತ್ತಿತ್ತು. ಪೊಲೀಸರನ್ನು ಕಂಡು ಬೀಗರು ಎದ್ದು ನಿಂತರು. ಮದುಮಗಳ ತಂದೆ ಅಯ್ಯಪ್ಪ ಓಡಿ ಬಂದ.

"ನಾ ತಂದೀನ್ರಿ."

"ನಿನಗ ಒಲಿ ಹಚ್ಚಾಕ ಬರಂಗಿಲ್ಲ, ಹಂಡೆ ತರ್ತೀ?" ಅವನನ್ನು ಪಕ್ಕಕ್ಕೆ ಸರಿಸಿ ಹೆಂಡತಿ ದೇವಕಮ್ಮ ಮುಂದೆ ಬಂದಳು. ಭವನದ ಕಸ ಹೊಡೆಯುವ ಕೆಲಸ ಅವಳದು; ಒಂದು ಕೀಲಿ ಅವಳ ಬಳಿಯೇ ಇರುತ್ತಿತ್ತು. "ಕಸದ ಗಾಡ್ಯಾಗ ನಾನೇ ತಂದೀನ್ರಿ."

"ಇದರ ಸಲುವಾಗಿ ಬಾಷುಮಿಯಾಗ ಹೊಡದಾರ. ಗೊತ್ತದೇನು?"

ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಹೊಡದ್ರಾ? ಅಯ್ಯ ಶಿವನೇ! ನಾಳಿ ತಿಕ್ಕಿ ಇಟ್ಟು ಬರೋದಿತ್ರಿ. ಅಲ್ಲಿತನ ಯಾರೂ ನೋಡಂಗಿಲ್ಲ ಅನ್ಕೊಂಡಿದ್ದೆ. ನಡೀರಿ ಮೇಡಂ, ಈಗಲೇ ಬರ್ತೀನಿ."

"ಮೊದಲ ಹಂಡೆ ಖಾಲಿ ಮಾಡಸ್ರಿ!" ಪಂಪಣ್ಣ ಹಿಂದಿನಿಂದ ಕೂಗಿದ. "ಅನ್ನ ಚೆಲ್ರಿ!"

ಕೇರಿಯ ಗಂಡಸರು ಒಬ್ಬೊಬ್ಬರಾಗಿ ಹಂಡೆಯ ಸುತ್ತ ನಿಂತರು.

"ಜಪ್ತಿ ಮಾಡಬೇಕಾದವಳು ನಾನು," ಎಂದರು ಪರಿಮಳಾ. "ಊಟ ಮುಗದ ಮ್ಯಾಲ ಮಾಡ್ತೀನಿ. ನೀವು ಮಿಯಾನ ಮನಿ ಕೀಲಿ ಕೊಡ್ರಿ. ಅವರನ್ನ ಹೊಡದವರ ಹೆಸರೂ ಹೇಳ್ರಿ, ಅದಕ್ಕ ಬ್ಯಾರೆ ಎಫ್‌ಐಆರ್ ಆಗ್ತದ."

ಪಂಪಣ್ಣ ಜೇಬಿನಿಂದ ಕೀಲಿ ತೆಗೆದ. ಹೆಸರುಗಳನ್ನು ಅವನು ಹೇಳುವ ಅಗತ್ಯವಿರಲಿಲ್ಲ. ಬಾಷುಮಿಯಾ ಜೀಪಿನಲ್ಲೇ ಎಲ್ಲ ಹೆಸರುಗಳನ್ನು ಬರೆಸಿದ್ದ, ಮೊದಲನೆಯದು ಪಂಪಣ್ಣನದೇ.

ಅಕ್ಷತೆ ಬಿತ್ತು, ಊಟವಾಯಿತು. ಮಧ್ಯಾಹ್ನ ಮೂರಕ್ಕೆ ಹಂಡೆ ಜಪ್ತಿ ಮಾಡಿ, ಮಹಿಳಾ ಕಾನ್‌ಸ್ಟೆಬಲ್ ಸಮಕ್ಷಮ ದೇವಕಮ್ಮನನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಪರಿಮಳಾ ಒಂದೇ ಪ್ರಶ್ನೆ ಕೇಳಿದರು. "ಸುರಪುರದಾಗ ಇಂಥಾ ಹಂಡೆ ಬಾಡಿಗಿ ಸಿಗ್ತಾವ. ಇದೇ ಯಾಕ ಬೇಕಾಗಿತ್ತು?"

ದೇವಕಮ್ಮ ಮಸಿ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಇದನ್ನ ಮಾಡಸುವಾಗ ಮನಿಗೊಂದು ತಾಮ್ರದ ಸಾಮಾನ ಕೊಡ್ರಿ ಅಂತ ಕೇರಿಗೂ ಬಂದಿದ್ರು. ಅದರಾಗ ನಮ್ಮವ್ವನ ತಂಬಗಿ ಕರಗ್ಯಾದ್ರಿ. ಅವತ್ತೊಂದಿನ ನಾವೂ ಊರಾಗೇ ಇದ್ವಿ."