ಲಕ್ಕಿ ಎಣ್ಣೆಯ ವಾಸನೆ

ಕಡಜ ಇನ್ನೂ ನುಗ್ಗೆಗಿಡದ ಹತ್ತಿರ ಇರುವಾಗಲೇ ಪೆಟ್ಟಿಗೆಯೊಳಗಿನ ಜೇನ್ನೊಣಗಳು ಹೊರಗೆ ನುಗ್ಗಿದವು. ಇನ್ನೂರು ಮುನ್ನೂರು ನೊಣಗಳು ಅದನ್ನು ಗಾಳಿಯಲ್ಲೇ ಮುತ್ತಿ ನೆಲಕ್ಕೆ ಕೆಡವಿದವು. ಉಂಡೆಯಾಗಿ ಅಪ್ಪಿ ಮೈ ನಡುಗಿಸಿ ಬಿಸಿ ಹುಟ್ಟಿಸಿದವು. ಕಡಜ ಆ ಬಿಸಿಯಲ್ಲಿ ಜೀವಂತ ಬೆಂದುಹೋಯಿತು. ತುಡುವೆ ಜೇನು ಕಡಜವನ್ನು ಕೊಲ್ಲುವ ರೀತಿ ಹಳೆಯದೇ. ಬಾಗಿಲಿಗೆ ಬರುವ ತನಕ ಕಾಯದೆ ಎದುರು ಹೋಗಿ ಕೊಂದದ್ದು ಮಾತ್ರ ಹೊಸದು. ಆ ಬೆಳಗ್ಗೆ ಧಾರವಾಡದ ಆ ಹಿತ್ತಲಲ್ಲಿ ಹದಿನೇಳು ಕಡಜ ಸತ್ತವು.

ಮನೆಯ ಯಜಮಾನ ವಿರೂಪಾಕ್ಷಪ್ಪ ಒಂದೊಂದು ಹೆಣವನ್ನೂ ಚಪ್ಪಲಿ ತುದಿಯಿಂದ ಹೊರಳಿಸಿ ನೋಡಿದ. "ನಿಮ್ಮ ಡಬ್ಬಿ ಭಾರೀ ಐತ್ರಿ ಬಾಯಾರ," ಎಂದ.

"ಡಬ್ಬಿ ಏನೂ ಮಾಡೂದಿಲ್ರಿ. ವೈರಿ ಯಾರಂತ ತೋರಸ್ತೈತಿ, ಅಷ್ಟ," ಎಂದಳು ವಿಜ್ಞಾನಿ ಮಂದಾಕಿನಿ ಹುಕ್ಕೇರಿ. ಅಷ್ಟೇ ಅಂತೆ! ಈ ವಿಜ್ಞಾನಿಗಳಿಗೆ ಅಷ್ಟೇ ಅನ್ನುವುದು ಬಲು ಸಲೀಸು.

ಅದು 2061ನೆಯ ಇಸವಿ. ಕಾಡಿನ ಜೇನು ಮುಗಿದುಹೋಗಿತ್ತು. ಮನೆಗೊಂದು ಪೆಟ್ಟಿಗೆ ಸಾಕದಿದ್ದರೆ ಹಿತ್ತಲ ಹೀರೆಬಳ್ಳಿಯೂ ಕಾಯಿ ಹಿಡಿಯುತ್ತಿರಲಿಲ್ಲ. ಚಳಿಗೆಂದು ಹೊದಿಸಿದ ಗೋಣಿಯನ್ನು ಮಾಘ ಮುಗಿಯುತ್ತ ಬಂದಂತೆ ತೆಗೆಯುವ ಹೊತ್ತಿಗೆ ಹುಳಗಳು ಸೊರಗಿರುತ್ತವೆ. ಕಡಜ ನುಗ್ಗುವುದು ಆಗಲೇ. ಮಂದಾಕಿನಿಯ ಡಬ್ಬಿ ಪೆಟ್ಟಿಗೆಯ ತಳಕ್ಕೆ ಕೂರುತ್ತದೆ. ಅದರ ಖಾನೆಯಲ್ಲಿ ವೈರಿಯ ವಾಸನೆ ಹತ್ತಿದ ಬಟ್ಟೆಯ ಚೂರು ಇಡಬೇಕು. ಆ ವಾಸನೆಯ ಜೊತೆಗೇ ಡಬ್ಬಿ, ಜೇನ್ನೊಣಗಳು ಅಪಾಯ ಬಂದಾಗ ಬಿಡುವ, ಕಳಿತ ಬಾಳೆಹಣ್ಣಿನಂಥ ವಾಸನೆಯನ್ನೂ ಬಿಡುತ್ತದೆ. ಮೂರು ದಿನ ಎರಡನ್ನೂ ಒಟ್ಟಿಗೆ ಮೂಸಿದ ಹುಳಕ್ಕೆ ಆಮೇಲೆ ಮೊದಲನೆಯದೊಂದೇ ಸಾಕು, ಕೊಲ್ಲಲು ಏಳುತ್ತದೆ.

ವಿರೂಪಾಕ್ಷಪ್ಪನಿಗೆ ಕಡಜಕ್ಕಿಂತ ದೊಡ್ಡ ವೈರಿಯೊಬ್ಬ ಗೋಡೆಯಾಚೆಗಿದ್ದ. ಪಕ್ಕದ ಮನೆಯ ರಾಚಪ್ಪ. ಹೂವಿಲ್ಲದ ಪುಷ್ಯದಲ್ಲಿ ಬಲವಾದ ಪೆಟ್ಟಿಗೆಯ ನೊಣಗಳು ಸೊರಗಿದ ಪೆಟ್ಟಿಗೆಯನ್ನು ಲೂಟಿ ಮಾಡುವುದುಂಟು. ರಾಚಪ್ಪನ ನಾಲ್ಕು ಪೆಟ್ಟಿಗೆಯ ಹುಳಗಳು ವಿರೂಪಾಕ್ಷಪ್ಪನ ಎರಡನೆಯ ಪೆಟ್ಟಿಗೆಗೆ ಹೊಕ್ಕು ಮೇಣ ಹರಿದು, ಜೇನು ಹೀರಿ, ರಾಣಿಯನ್ನು ಹೊರಗೆಳೆದು ಕೊಂದುಹಾಕಿದ್ದವು. ಉಳಿದದ್ದು ಒಂದು ಹಿಡಿ ರೆಕ್ಕೆ. ಕೇಳಲು ಹೋದರೆ ರಾಚಪ್ಪ ನಕ್ಕಿದ್ದ. "ನಿನ್ನ ಹುಳಕ್ಕ ದಮ್ಮಿಲ್ಲ, ಅದಕ್ಕ ನಾ ಏನ್ ಮಾಡ್ಲೋ?"

ಆ ನಗು ವಿರೂಪಾಕ್ಷಪ್ಪನ ಎದೆಯಲ್ಲಿ ಕುಂತುಬಿಟ್ಟಿತ್ತು. ಗೋಡೆಯ ಮೇಲೆ ಒಣಹಾಕಿದ್ದ ರಾಚಪ್ಪನ ಟವೆಲಿನ ಅಂಚು ಹರಿದು ತಂದು ಡಬ್ಬಿಯ ಖಾನೆಗೆ ತುರುಕಿದ. ಎರಡು ದಿನ ಹಾಸಿಗೆ ಹಿಡಿಯಲಿ ಮಗ ಅಂದುಕೊಂಡ. ಕೊಲ್ಲುವ ಮನಸ್ಸು ಅವನಿಗಿರಲಿಲ್ಲ, ಅದನ್ನು ಒಪ್ಪಬೇಕು.

ಟವೆಲಿಗೆ ಹತ್ತಿದ್ದು ಲಕ್ಕಿ ಎಣ್ಣೆ. ಚಳಿಗಾಲದಲ್ಲಿ ಮಂಡಿ ಹಿಡಿದಾಗ ತಿಕ್ಕಲೆಂದು ರಾಚಪ್ಪನ ಹೆಂಡತಿ ಲಕ್ಕಿ ಗಿಡದ ಎಲೆ ಹಾಕಿ ಕುದಿಸುತ್ತಿದ್ದ ಎಣ್ಣೆ. ಗಂಡಸರ ಜಗಳವನ್ನು ಹೆಂಗಸರು ಮೈಮೇಲೆ ಎಳೆದುಕೊಂಡಿರಲಿಲ್ಲ. ವರ್ಷವೂ ಒಂದು ಬಾಟಲಿ ಗೋಡೆ ದಾಟಿ ವಿರೂಪಾಕ್ಷಪ್ಪನ ಹೆಂಡತಿ ನಿಂಬೆವ್ವನ ಕೈಗೆ ಬರುತ್ತಿತ್ತು. ಮೂವತ್ತು ಚಳಿಗಾಲ ಅದೇ ವಾಸನೆಯ ಪಕ್ಕದಲ್ಲಿ ಮಲಗೆದ್ದ ವಿರೂಪಾಕ್ಷಪ್ಪನ ಮೂಗಿಗೆ ಅದು ವಾಸನೆ ಅಂತಲೇ ಅನ್ನಿಸುತ್ತಿರಲಿಲ್ಲ.

ನಾಲ್ಕನೆಯ ದಿನ ಬಿಸಿಲೇರಿದ ಮೇಲೆ ನಿಂಬೆವ್ವ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಗೋಣಿ ತೆಗೆಯಲು ಹಿತ್ತಲಿಗೆ ಬಂದಳು. ಕೈ ಗೋಣಿಗೆ ತಾಗುವ ಮೊದಲೇ ಹುಳಗಳು ಮುಖಕ್ಕೆ ಬಿದ್ದವು. ಕೂಗಲೆಂದು ತೆರೆದ ಬಾಯೊಳಗೂ ಹೊಕ್ಕವು. ಒಂದು ಚುಚ್ಚಿದಲ್ಲೇ ನೂರು ಚುಚ್ಚಿದವು. ಆಕೆ ಓಡಿ ಬಚ್ಚಲ ಕಲ್ಲಿಗೆ ಎಡವಿ ಬಿದ್ದಳು. ವಿರೂಪಾಕ್ಷಪ್ಪ ಹೊಗೆಡಬ್ಬಿಗೆ ಬೆಂಕಿ ಹೊತ್ತಿಸಲು ಒಳಗೆ ಓಡಿದ.

ಗೋಡೆ ಹಾರಿ ಬಂದವನು ರಾಚಪ್ಪ. ಕೈಯಲ್ಲಿ ಕಂಬಳಿ. ಅವನ ಮೈಯಲ್ಲೂ ಅದೇ ಎಣ್ಣೆ. ಅರ್ಧ ಹಿಂಡು ಅವನ ಕಡೆ ತಿರುಗಿತು. ಅವನು ಕಂಬಳಿಯನ್ನು ತಾನು ಹೊದೆಯದೆ ನಿಂಬೆವ್ವನಿಗೆ ಸುತ್ತಿ, ಹೆಗಲಿಗೆ ಹಾಕಿಕೊಂಡು ರಸ್ತೆಯವರೆಗೆ ಓಡಿದ. ಅವನ ಎಡಗಣ್ಣು ಹೋಯಿತು. ನಿಂಬೆವ್ವ ದವಾಖಾನೆಯಲ್ಲಿ ಎರಡು ದಿನ ಉಸಿರಾಡಿ ಮೂರನೆಯ ದಿನ ಹೋದಳು.

ಮಣ್ಣಿಗೆ ಹೋಗಿ ಬಂದ ಮೇಲೆ ಮಂದಾಕಿನಿ ಖಾನೆ ತೆರೆದು ಟವೆಲಿನ ಚೂರು ಹೊರತೆಗೆದಳು. "ಇದು ಯಾರದು?"

"ಇವಂದು," ಎಂದು ವಿರೂಪಾಕ್ಷಪ್ಪ ಕಣ್ಣಿಗೆ ಪಟ್ಟಿ ಕಟ್ಟಿದ್ದ ರಾಚಪ್ಪನನ್ನು ತೋರಿಸಿದ. "ಇವನ್ನ ಕಡೀಲಿ ಅಂತ ನಾನ ಇಟ್ಟೆ."

ರಾಚಪ್ಪ ಎದ್ದು ಅವನ ಕಪಾಳಕ್ಕೆ ಬಾರಿಸಿದ. ಮತ್ತೆ ಬಾರಿಸಿದ. ತುಟಿ ಒಡೆದು ರಕ್ತ ಬಂದರೂ ವಿರೂಪಾಕ್ಷಪ್ಪ ಕೈ ಎತ್ತಲಿಲ್ಲ. ಕಡೆಗೆ ಹೊಡೆಯುವವನೇ ಸೋತು ಪಕ್ಕದಲ್ಲಿ ಕುಸಿದು ಕೂತು ಅತ್ತ.

ಮಂದಾಕಿನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕಡಜ ಯಾವುದು, ರಾಚಪ್ಪ ಯಾರು ಎಂದು ಡಬ್ಬಿ ಕೇಳುವುದಿಲ್ಲ. ಕೇಳುವಂತೆ ಅವಳು ಮಾಡಿರಲಿಲ್ಲ. ಡಬ್ಬಿ ಕಿತ್ತು ಚೀಲಕ್ಕೆ ಹಾಕಿಕೊಂಡಳು. "ಪೆಟ್ಟಿಗಿ ಹತ್ರ ಯಾರೂ ಹೋಗಬ್ಯಾಡ್ರಿ. ಎರಡು ತಿಂಗಳಾದ್ರ ಕಲ್ತ ಹುಳ ಎಲ್ಲಾ ಸಾಯ್ತಾವ. ಹೊಸಾವಕ್ಕ ಏನೂ ಗೊತ್ತಿರೂದಿಲ್ಲ."

ಎಪ್ಪತ್ತು ದಿನದ ಮೇಲೆ, ಮೈತುಂಬ ಬಲೆಯ ಅಂಗಿ ತೊಟ್ಟು, ಒಂದೇ ಹನಿ ಲಕ್ಕಿ ಎಣ್ಣೆ ಹಾಕಿದ ಅರಳೆಯನ್ನು ಅವಳು ಪೆಟ್ಟಿಗೆಯ ಮುಂದೆ ಹಿಡಿದಳು. ಹುಳಗಳು ಮೇಲೆದ್ದು ಅರಳೆಯನ್ನು ಮುತ್ತಿ ಚುಚ್ಚಿದವು.

"ಇವು ಅವತ್ತು ಹುಟ್ಟೇ ಇರ್ಲಿಲ್ಲಲ್ರಿ," ಎಂದ ದೂರದಲ್ಲಿ ನಿಂತಿದ್ದ ವಿರೂಪಾಕ್ಷಪ್ಪ. "ಇವಕ್ಕ ಯಾರ್ ಕಲಿಸಿದ್ರು?"

"ಗೋಡಿ ಆಚಿಂದ ದಿನಾ ಈ ವಾಸನಿ ಬರ್ತೈತಿ. ಹಿರೇ ಹುಳ ಸಿಟ್ಟಿಗೆದ್ದು ಅಪಾಯದ ವಾಸನಿ ಬಿಟ್ಟಾವ. ಕಿರೇವು ಎರಡನ್ನೂ ಕೂಡಿಸಿ ಮೂಸ್ಯಾವ. ಡಬ್ಬಿ ಮಾಡೂ ಕೆಲಸ ಅವ ಮಾಡ್ಯಾವ."

ವಿರೂಪಾಕ್ಷಪ್ಪ ಒಳಗೆ ಹೋಗಿ ಸಾಬೂನು ಕರಗಿಸಿದ ನೀರು ತಂದ. ಪೆಟ್ಟಿಗೆಯ ಬಾಗಿಲಿಗೆ ಮಣ್ಣು ಮೆತ್ತಿ, ಮುಚ್ಚಳ ಸರಿಸಿ ಸುರಿದ. ಒಳಗಿನ ಮೊರೆತ ಏರಿತು.

"ಹುಳದ್ದೇನ್ ತಪ್ಪಿತ್ತೋ," ಎಂದ ಗೋಡೆಯಾಚೆಯಿಂದ ರಾಚಪ್ಪ.

"ಏನೂ ಇಲ್ಲ," ಎಂದು ವಿರೂಪಾಕ್ಷಪ್ಪ ಇನ್ನೊಂದು ಬಕೆಟ್ ಸುರಿದ. ಮೊರೆತ ನಿಂತಿತು.

ಮಂದಾಕಿನಿ ಬಸ್ಸಿನಲ್ಲಿ ಕೂತು ವರದಿ ಬರೆಯತೊಡಗಿದಳು. ಕಲಿಕೆ ಎಷ್ಟು ತಲೆಮಾರು ಉಳಿಯುತ್ತದೆ ಎಂಬಲ್ಲಿ ಪೆನ್ನು ನಿಂತಿತು. 2025ರಲ್ಲಿ ಅವಳಿಗೆ ಎಂಟು ವರ್ಷ. ಅಜ್ಜಿಯ ಕೈ ಹಿಡಿದು ಶಾಲೆಗೆ ಹೋಗುವಾಗ ಓಣಿಯ ತುದಿಯ ಒಂದು ಮನೆ ಬಂದರೆ ಅಜ್ಜಿ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಮಂದಾಕಿನಿಯೂ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅಜ್ಜಿ ಸತ್ತು ಮೂವತ್ತು ವರ್ಷವಾದರೂ ಆ ಮನೆಯ ಮುಂದೆ ಹಾಯುವಾಗ ಅವಳ ಕೈ ಮೂಗಿಗೆ ಹೋಗುತ್ತಿತ್ತು. ಅಲ್ಲಿ ಯಾವತ್ತೂ ಯಾವ ವಾಸನೆಯೂ ಇರಲಿಲ್ಲ.